ಕೇಳದ ವೇಷಕ್ಕೆ ಪದ ಹೇಳಿದ್ದು

“ಈ ವೇಷ ನನ್ನ ಕಡೆ ತಿರುಗಿಯೂ ನೋಡುವುದಿಲ್ಲವಲ್ಲ!”

ಯಕ್ಷಗಾನದಲ್ಲಿ ಪದ ಹಾಡುವ ಭಾಗವತರು ಮೊದಲ ದಿನ ಹೇಳಿದ ಮಾತು ಇದು. ಕುಣಿಯುವ ಪಾತ್ರಧಾರಿಯನ್ನು ಅವರು ಕರೆಯುವುದು ವೇಷವೆಂದೇ. ಆಷಾಢದ ಮಳೆ ಹೆಂಚಿನ ಮೇಲೆ ಒಂದೇ ಸಮನೆ ಸುರಿಯುತ್ತಿತ್ತು. ಅವರ ಮನೆಯ ಜಗಲಿಯಲ್ಲಿ ಸ್ಟೂಲಿನ ಮೇಲೆ ನನ್ನ ಲ್ಯಾಪ್‌ಟಾಪ್ ಇಟ್ಟು, ದಾದಾಸಾಹೇಬ್ ಫಾಲ್ಕೆಯವರ 1919ರ ಮೂಕಿ ಚಿತ್ರ ‘ಕಾಲಿಯಾ ಮರ್ದನ್’ ತೋರಿಸುತ್ತಿದ್ದೆ. ತೆರೆಯ ಮೇಲೆ ಏಳು ವರ್ಷದ ಹುಡುಗಿಯೊಬ್ಬಳು ಕೃಷ್ಣನಾಗಿ ಓಡಾಡುತ್ತಿದ್ದಳು. ಭಾಗವತರು ತಾಳ ಹಿಡಿದು ಒಂದು ಪದ ಎತ್ತಿಕೊಂಡರು. ಎರಡನೆಯ ಸಾಲು ಮುಗಿಯುವಷ್ಟರಲ್ಲಿ ಕೃಷ್ಣ ಯಾರದೋ ಮನೆಗೆ ನುಗ್ಗಿ, ಬೆಣ್ಣೆ ಕದ್ದು, ಹೊರಗೂ ಬಂದಾಗಿತ್ತು. ಅವರು ತಾಳ ಕೆಳಗಿಟ್ಟರು.

ಯಕ್ಷಗಾನ ಬಲ್ಲವರಿಗೆ ಅವರ ಕಷ್ಟ ಕೂಡಲೇ ಅರ್ಥವಾಗುತ್ತದೆ. ಭಾಗವತನೇ ಮೊದಲನೆಯ ವೇಷ ಎಂಬ ಮಾತು ನಮ್ಮ ಕಡೆ ಇದೆ. ಕುಣಿಯುವವನು ಎಷ್ಟೇ ದೊಡ್ಡ ಕಲಾವಿದನಾಗಿರಲಿ, ಭಾಗವತರು ಪದ ಎತ್ತಿದರೆ ಅವನ ಕಾಲು ಏಳುತ್ತದೆ, ನಿಲ್ಲಿಸಿದರೆ ಬಾಯಿ ತೆರೆಯುತ್ತದೆ. ವೇಷಕ್ಕೆ ದಣಿವಾದದ್ದು ಕಂಡರೆ ಪದ ಮೊಟಕಾಗುತ್ತದೆ. ಸಭೆ ಹುರುಪಿನಲ್ಲಿದ್ದರೆ ಅದೇ ಸಾಲಿಗೆ ಇನ್ನೆರಡು ಸುತ್ತು. ನಲವತ್ತು ವರ್ಷ ಹೀಗೆ ರಂಗವನ್ನು ಕೈಯಲ್ಲಿಟ್ಟುಕೊಂಡು ಬಂದವರ ಮುಂದೆ ನಾನು ತಂದಿಟ್ಟದ್ದು ನೂರು ವರ್ಷಗಳ ಹಿಂದೆಯೇ ಕುಣಿದು ಮುಗಿಸಿದ ವೇಷವನ್ನು. ಅದು ಯಾರಿಗೂ ಕಾಯುವುದಿಲ್ಲ.

ನಾನು ಬೆಂಗಳೂರಿನಲ್ಲಿ ಚಿತ್ರಸಂಕಲನದ ಕೆಲಸ ಮಾಡುತ್ತೇನೆ. ಊರು ಕುಂದಾಪುರದ ಕಡೆ. ಹುಡುಗನಾಗಿದ್ದಾಗ ನಾಲ್ಕು ವರ್ಷ ಮದ್ದಳೆ ಕಲಿತಿದ್ದೆ. ಕೈ ಮರೆತಿದೆ, ಕಿವಿ ಮರೆತಿಲ್ಲ. ಮೂಕಿ ಚಿತ್ರಕ್ಕೆ ಹಿಮ್ಮೇಳ ಕೂರಿಸಬೇಕು ಎಂಬ ಯೋಚನೆ ಹುಟ್ಟಿದ್ದು ಬಹಳ ದೂರದ ಒಂದು ಸಂಗತಿಯಿಂದ. ಕೆನಡಾದ ಪಶ್ಚಿಮ ಕರಾವಳಿಯ ಕ್ವಾಕ್ವಕವಾಕ್ವ ಎಂಬ ಮೂಲನಿವಾಸಿಗಳನ್ನೇ ಪಾತ್ರಧಾರಿಗಳನ್ನಾಗಿ ಮಾಡಿಕೊಂಡು ಎಡ್ವರ್ಡ್ ಕರ್ಟಿಸ್ ಎಂಬ ಛಾಯಾಗ್ರಾಹಕ 1914ರಲ್ಲಿ ಒಂದು ಮೂಕಿ ಚಿತ್ರ ಮಾಡಿದ್ದ. ಆಗ ಕುಣಿತ, ಔತಣ, ಉಡುಗೊರೆಗಳ ಅವರ ಪಾಟ್‌ಲ್ಯಾಚ್ ಎಂಬ ಆಚರಣೆಯನ್ನೇ ಕೆನಡಾದ ಕಾನೂನು ನಿಷೇಧಿಸಿತ್ತು. ಆ ನಿಷೇಧ ಹೋದದ್ದು 1951ರಲ್ಲಿ. 2008ರಲ್ಲಿ ಆ ಚಿತ್ರವನ್ನು ದುರಸ್ತಿ ಮಾಡಿ ತೋರಿಸಿದಾಗ ಅದೇ ಸಮುದಾಯದ ಕಲಾವಿದರು ವೇದಿಕೆಯ ಮೇಲೆ ತಮ್ಮ ಹಾಡು ಹಾಡಿದರು, ಕುಣಿದರು. ಇದನ್ನು ಓದಿದ ರಾತ್ರಿ ನನಗೆ ನಿದ್ದೆ ಬರಲಿಲ್ಲ. ಅಜ್ಜ ಅಜ್ಜಿಯರ ಮುಖಗಳು ತೆರೆಯ ಮೇಲೆ, ಮೊಮ್ಮಕ್ಕಳ ದನಿ ಕೆಳಗೆ.

ನಮ್ಮಲ್ಲಿ ಅಂಥದ್ದು ಸಾಧ್ಯವೇ? ಮೊದಲು ಹುಡುಕಿದ್ದು ಕನ್ನಡಿಗರು ತೆಗೆದ ಮೂಕಿ ಚಿತ್ರಗಳನ್ನು. ಗುಬ್ಬಿ ವೀರಣ್ಣನವರು 1930ರ ದಶಕದ ಆರಂಭದಲ್ಲಿ ಮೂಕಿ ಚಿತ್ರಗಳಿಗೆ ಕೈ ಹಾಕಿದ್ದರು. ಅವು ನನ್ನ ಕೈಗೆ ಸಿಗಲಿಲ್ಲ. ಈ ದೇಶದಲ್ಲಿ ತಯಾರಾದ ಮೂಕಿ ಚಿತ್ರಗಳು ಸಾವಿರಕ್ಕೂ ಹೆಚ್ಚು, ಉಳಿದುಕೊಂಡವು ಬೆರಳೆಣಿಕೆಯಷ್ಟು. ಆಗಿನ ನೈಟ್ರೇಟ್ ಫಿಲ್ಮು ಬೆಂಕಿಗೂ ಸುಲಭದ ತುತ್ತು, ಡಬ್ಬಿಯೊಳಗೆ ತಾನಾಗಿಯೂ ಕೊಳೆಯುತ್ತದೆ. 1913ರ ‘ರಾಜಾ ಹರಿಶ್ಚಂದ್ರ’ದಲ್ಲೇ ನಡುವಿನ ರೀಲುಗಳಿಲ್ಲ. ‘ಕಾಲಿಯಾ ಮರ್ದನ್’ ಮಾತ್ರ ಬಹುಪಾಲು ಉಳಿದಿದೆ. ಅದಕ್ಕೆ ಪುಣೆಯ ಚಲನಚಿತ್ರ ಭಂಡಾರವನ್ನು ಕಟ್ಟಿದ ಪಿ. ಕೆ. ನಾಯರ್ ಅವರಿಗೆ ಎಷ್ಟು ಕೃತಜ್ಞತೆ ಹೇಳಿದರೂ ಕಡಿಮೆಯೇ. ಚಿತ್ರ ಪ್ರಕಟವಾಗಿ ಅರವತ್ತು ವರ್ಷ ಎಂದೋ ಕಳೆದಿರುವುದರಿಂದ ಹಕ್ಕುಸ್ವಾಮ್ಯದ ತೊಡಕಿಲ್ಲ. ನಾಸಿಕದಲ್ಲಿ ತೆಗೆದ ಚಿತ್ರ ನಮ್ಮ ಊರಿನದಲ್ಲ, ನಿಜ. ಆದರೆ ಕಾಳಿಂಗಮರ್ದನದ ಕಥೆ ಯಾವ ಊರಿನದು? ಕೃಷ್ಣಲೀಲೆ, ಕಂಸವಧೆ ಆಡದ ಮೇಳ ನಮ್ಮಲ್ಲಿ ಯಾವುದಿದೆ?

ಕಾಲವೂ ಅನುಕೂಲವಾಗಿತ್ತು. ಮೇಳಗಳ ತಿರುಗಾಟ ಮೇ ತಿಂಗಳಿಗೆ ಮುಗಿಯುತ್ತದೆ. ಮಳೆಗಾಲದಲ್ಲಿ ಕೆಲವರು ಗದ್ದೆಗೆ ಇಳಿಯುತ್ತಾರೆ, ಕೆಲವರು ಚಿಕ್ಕಮೇಳ ಕಟ್ಟಿಕೊಂಡು ಮನೆಮನೆಗೆ ಹೋಗುತ್ತಾರೆ. ಭಾಗವತರು, ಮದ್ದಳೆಯವರು, ಚೆಂಡೆಯ ಹುಡುಗ: ಮೂವರಿಗೂ ಸಂಭಾವನೆ ಮೊದಲೇ ಮಾತಾಡಿ, ಅಭ್ಯಾಸದ ದಿನಗಳಿಗೂ ಸೇರಿಸಿ ಕೊಡುವುದೆಂದು ಒಪ್ಪಂದ ಮಾಡಿಕೊಂಡೆ. ಅಭ್ಯಾಸಕ್ಕೂ ದುಡ್ಡೇ ಎಂದು ಮದ್ದಳೆಯವರು ಆಶ್ಚರ್ಯಪಟ್ಟದ್ದು ನನಗೆ ನೋವುಂಟುಮಾಡಿತು. ಹಿಮ್ಮೇಳದವರ ಸಮಯಕ್ಕೆ ನಾವು ಎಷ್ಟು ಬೆಲೆ ಕಟ್ಟಿದ್ದೇವೆ ಎಂಬುದು ಆ ಒಂದು ಪ್ರಶ್ನೆಯಲ್ಲಿತ್ತು.

ಮೊದಲು ಬಿಡಿಸಬೇಕಾಗಿದ್ದದ್ದು ವೇಗದ ಗಂಟು. ಆಗಿನ ಕ್ಯಾಮರಾವನ್ನು ಕೈಯಲ್ಲಿ ತಿರುಗಿಸುತ್ತಿದ್ದರು. ಸೆಕೆಂಡಿಗೆ ಹದಿನಾರು ಬಿಡಿಚಿತ್ರವೋ (ಫ್ರೇಮ್) ಹದಿನೆಂಟೋ, ತಿರುಗಿಸುವವನ ಕೈ ಹೇಗೆ ಹೋಗುತ್ತದೆಯೋ ಹಾಗೆ. ಮಾತಿನ ಚಿತ್ರಗಳು ಬಂದಮೇಲೆ 24 ಎಂಬ ಲೆಕ್ಕ ಗಟ್ಟಿಯಾಯಿತು. ಹಳೆಯ ಚಿತ್ರವನ್ನು ಹೊಸ ವೇಗದಲ್ಲಿ ಓಡಿಸಿದರೆ ಎಲ್ಲರೂ ಕೀಲುಗೊಂಬೆಗಳಂತೆ ಓಡುತ್ತಾರೆ. ಮೂಕಿ ಚಿತ್ರವೆಂದರೆ ನಗುವ ವಸ್ತು ಎಂಬ ಭಾವನೆ ನಮ್ಮಲ್ಲಿ ಬೇರೂರಿದ್ದು ಇದರಿಂದಲೇ ಎಂದು ನಾನು ನಂಬುತ್ತೇನೆ, ಮತ್ತು ಅದು ಆ ಕಲಾವಿದರಿಗೆ ಮಾಡಿದ ಅನ್ಯಾಯ. ನನ್ನಲ್ಲಿದ್ದ ಪ್ರತಿ 24ರ ವೇಗದಲ್ಲಿ ಸುಮಾರು 48 ನಿಮಿಷದ್ದು. ಹದಿನಾರರ ಲೆಕ್ಕದಲ್ಲಿ ಅದನ್ನು ಓಡಿಸಿದರೆ 72 ನಿಮಿಷವಾಗುತ್ತದೆ, ಹದಿನೆಂಟರಲ್ಲಿ 64. ಎರಡನ್ನೂ ಸಿದ್ಧಮಾಡಿಕೊಂಡು ಹೋದೆ.

ಯಾವುದು ಸರಿ ಎಂದು ತೀರ್ಮಾನಿಸಿದ್ದು ನನ್ನ ಯಂತ್ರವಲ್ಲ, ಭಾಗವತರ ಕಣ್ಣು. ಕೃಷ್ಣ ಬೀದಿಯಲ್ಲಿ ಗೆಳೆಯರ ಜೊತೆ ನಡೆಯುವ ಭಾಗವನ್ನು ಮತ್ತೆ ಮತ್ತೆ ಹಾಕಿಸಿದರು. ಹದಿನಾರರಲ್ಲಿ, “ಇದು ಜ್ವರ ಬಂದ ಮಗು” ಎಂದರು. ಹದಿನೆಂಟಕ್ಕೆ ಬಂದಾಗ ಅವರ ಬೆರಳು ತೊಡೆಯ ಮೇಲೆ ತಾನಾಗಿ ಏಕತಾಳ ಹಾಕತೊಡಗಿತು. “ಏಳು ವರ್ಷದ ಮಗು ಹೇಗೆ ನಡೆಯುತ್ತದೆ ಎಂದು ನನಗೆ ಗೊತ್ತಿದೆ. ಮನೆಯಲ್ಲಿ ಮೊಮ್ಮಗ ಇದ್ದಾನೆ. ಇದೇ ಇರಲಿ.” 64 ನಿಮಿಷ ನಿಶ್ಚಯವಾಯಿತು.

ಆಮೇಲೆ ತಾಳಮದ್ದಳೆಯಲ್ಲಿ ಪಾತ್ರಗಳ ಮಾತನ್ನು ಆಡುವ ಅರ್ಥಧಾರಿಯೊಬ್ಬರನ್ನು ಕರೆಸಿದೆವು. ಆ ಕಾಲದ ಜಪಾನಿನಲ್ಲಿ ಬೆನ್ಶಿ ಎಂಬ ಕಥನಕಾರರು ತೆರೆಯ ಪಕ್ಕದಲ್ಲಿ ನಿಂತು ಎಲ್ಲ ಪಾತ್ರಗಳ ಮಾತನ್ನೂ ಆಡುತ್ತಿದ್ದರು. ಜನ ಚಿತ್ರಕ್ಕಿಂತ ಅವರ ಹೆಸರು ನೋಡಿ ಟಿಕೆಟು ಕೊಳ್ಳುತ್ತಿದ್ದದ್ದೂ ಉಂಟು. ನಮ್ಮಲ್ಲಿ ತಾಳಮದ್ದಳೆಯೇ ಇರುವಾಗ ಇದಕ್ಕಿಂತ ಸಹಜವಾದದ್ದು ಏನಿದೆ ಎಂದುಕೊಂಡಿದ್ದೆ. ಭಾಗವತರಿಗೂ ಆಸೆ ಇತ್ತು. “ತಾಳಮದ್ದಳೆಯಲ್ಲಿ ಮಾತುಂಟು, ವೇಷವಿಲ್ಲ. ನಿನ್ನ ಮೂಕಿಯಲ್ಲಿ ವೇಷವುಂಟು, ಮಾತಿಲ್ಲ. ಎರಡನ್ನೂ ಕೂಡಿಸಿದರೆ ಪೂರ್ಣವಾಗಬೇಕಲ್ಲ?” ಎಂದಿದ್ದರು. ಎಷ್ಟು ಚೆನ್ನಾದ ಮಾತು! ಆದರೆ ಆಗಲಿಲ್ಲ. ಯಶೋದೆ ಮಗನನ್ನು ಗದರುವ ದೃಶ್ಯ ಅರ್ಧ ನಿಮಿಷವೂ ಇಲ್ಲ. ಅರ್ಥಧಾರಿಗಳು ಪೀಠಿಕೆ ಹಾಕಿ, ತಾಯ್ತನದ ವಿಚಾರ ಎತ್ತಿ, ಒಂದು ಉಪಕಥೆಯ ಹೊಸ್ತಿಲಿಗೆ ಬರುವಾಗ ಕೃಷ್ಣ ಯಮುನೆಯ ದಡದಲ್ಲಿದ್ದ. ಅವರ ಮಾತು ತುಂಬ ಸೊಗಸಾಗಿತ್ತು. ಎಷ್ಟೆಂದರೆ ನಾವೆಲ್ಲರೂ ತೆರೆ ನೋಡುವುದನ್ನೇ ಬಿಟ್ಟಿದ್ದೆವು. ಇದು ಚಿತ್ರಕ್ಕೂ ಅವರಿಗೂ ನ್ಯಾಯವಲ್ಲ ಎಂದು ಅವರೇ ಮೊದಲು ಹೇಳಿದರು. ಅವರ ದೊಡ್ಡತನ. ಹೋಗುವಾಗ, ನಡುವೆ ಬರುವ ಇಂಗ್ಲಿಷ್ ಫಲಕಗಳ ತಾತ್ಪರ್ಯವನ್ನು ಮಾತ್ರ ಒಂದೊಂದು ಸಾಲಿನಲ್ಲಿ ಕನ್ನಡದಲ್ಲಿ ಬರೆದುಕೊಟ್ಟರು. ಅದನ್ನು ಭಾಗವತರು ವಚನದಂತೆ, ತಾಳವಿಲ್ಲದೆ, ಶ್ರುತಿಗೆ ಹೊಂದಿಸಿ ಹೇಳಿದರು.

ಕೂರುವುದು ಎಲ್ಲಿ ಎಂಬುದು ಇಷ್ಟು ದೊಡ್ಡ ಪ್ರಶ್ನೆಯಾಗಬಹುದು ಎಂದು ನಾನು ಊಹಿಸಿರಲೇ ಇಲ್ಲ. ಯಕ್ಷಗಾನದಲ್ಲಿ ಹಿಮ್ಮೇಳ ವೇಷದ ಹಿಂದೆ, ಸಭೆಗೆ ಮುಖಮಾಡಿ ಕೂರುತ್ತದೆ. ಇಲ್ಲಿ ಹಾಗೆ ಕೂತರೆ ತೆರೆ ಬೆನ್ನ ಹಿಂದಾಗುತ್ತದೆ, ಏನೂ ಕಾಣುವುದಿಲ್ಲ. ತೆರೆಯ ಕಡೆ ತಿರುಗಿದರೆ ಸಭೆಗೆ ಬೆನ್ನು. ಅದಕ್ಕೆ ಭಾಗವತರು ಸುತಾರಾಂ ಒಪ್ಪಲಿಲ್ಲ. ಕಾಲಬುಡದಲ್ಲಿ ಒಂದು ಸಣ್ಣ ಟಿವಿ ಇಡೋಣವೆಂದೆ. “ವೇಷ ದೊಡ್ಡದಾಗಿ ಸಭೆಗೆ, ಚಿಕ್ಕದಾಗಿ ನನಗೆಯೇ?” ಎಂದು ಕೇಳಿದರು. ಮದ್ದಳೆಯವರು ಒಂದು ಉಪಾಯ ಹೇಳಿದರು: ತೆಳುವಾದ ಬಿಳಿ ಬಟ್ಟೆಯ ತೆರೆ ಕಟ್ಟಿ, ನಾವು ಅದರ ಹಿಂದೆಯೇ ಕೂತರೆ? ನಾವು ಯಾವಾಗಲೂ ವೇಷದ ಬೆನ್ನು ನೋಡಿಕೊಂಡೇ ನುಡಿಸಿದವರಲ್ಲವೇ? ಈ ಮಾತು ಕೇಳಿ ನನಗೆ ರೋಮಾಂಚನವಾಯಿತು. ಪಂಚೆಯ ಬಟ್ಟೆ ತಂದು ಹೊಲಿಸಿ ಕಟ್ಟಿದೆವು. ಚಿತ್ರ ಎಡಬಲ ತಿರುಗಿ ಕಾಣುತ್ತಿತ್ತು, ಅದು ಯಾರಿಗೂ ತೊಡಕಾಗಲಿಲ್ಲ. ಆದರೆ ಪ್ರೊಜೆಕ್ಟರಿನ ಬೆಳಕು ಬಟ್ಟೆಯನ್ನು ದಾಟಿ ನೇರ ಕಣ್ಣಿಗೇ ಹೊಡೆಯುತ್ತಿತ್ತು. ಹತ್ತು ನಿಮಿಷಕ್ಕೆ ಭಾಗವತರ ಕಣ್ಣಲ್ಲಿ ನೀರು. ಆ ಯೋಚನೆಯನ್ನು ಕೈಬಿಡುವಾಗ ಆದ ಬೇಸರ ಇನ್ನೂ ಹೋಗಿಲ್ಲ. ಕೊನೆಗೆ ತೆರೆಯ ಎಡಕ್ಕೆ, ಸಭೆಗೂ ತೆರೆಗೂ ಓರೆಯಾಗಿ, ಮೊಳದೆತ್ತರದ ಒಂದು ಮಂಚ ಹಾಕಿ ಕೂರಿಸಿದೆವು. ಅರ್ಧ ಮುಖ ವೇಷಕ್ಕೆ, ಅರ್ಧ ಸಭೆಗೆ.

ಪದಗಳ ಆಯ್ಕೆಯಲ್ಲಿ ನನ್ನ ಮಾತು ಕಡಿಮೆ. ಸಂಕಲನಕಾರನ ಅಭ್ಯಾಸದಿಂದ ನಾನು ನಿಮಿಷ, ಸೆಕೆಂಡುಗಳ ಪಟ್ಟಿಯೊಂದನ್ನು ತಯಾರಿಸಿ ಕೊಟ್ಟಿದ್ದೆ: ಇಷ್ಟರಿಂದ ಇಷ್ಟರವರೆಗೆ ಬೆಣ್ಣೆ, ಇಷ್ಟಕ್ಕೆ ನದಿ. ಭಾಗವತರು ಅದನ್ನು ಗೌರವದಿಂದಲೇ ಮಡಚಿ ಪಂಚಾಂಗದೊಳಗೆ ಇಟ್ಟರು. ಆಮೇಲೆ ಏಳು ದಿನ, ದಿನಕ್ಕೆ ಎರಡು ಬಾರಿ, ಚಿತ್ರ ನೋಡಿದರು. ಮೊದಲೆರಡು ದಿನ ಬಾಯಿ ಮುಚ್ಚಿಕೊಂಡು ಬರಿದೇ ನೋಡಿದ್ದು. ಮೂರನೆಯ ದಿನದಿಂದ ತಾಳ ಕೈಗೆ ಬಂತು. ಆರನೆಯ ದಿನ ಪದ. ರಾತ್ರಿ ಆಟಕ್ಕೆ ಮೊದಲು ಪ್ರಸಂಗದ ನಡೆಯನ್ನು ಮನಸ್ಸಿನಲ್ಲಿ ಕೂರಿಸಿಕೊಳ್ಳುತ್ತಾರಲ್ಲ, ಹಾಗೆ ಅವರು ಆ ಚಿತ್ರವನ್ನು ಒಂದು ಪ್ರಸಂಗವಾಗಿ ಬಾಯಿಪಾಠ ಮಾಡಿಕೊಂಡಿದ್ದರು. ಯಾವ ಮುಖ ಬಂದಮೇಲೆ ಯಾವ ಮುಖ, ಯಾರು ಬಾಗಿಲು ತೆರೆದಮೇಲೆ ಯಾರು ಬೀಳುತ್ತಾರೆ ಎಲ್ಲವೂ. ಚಿತ್ರ ಅವರ ಕಡೆ ನೋಡುವುದಿಲ್ಲ ಎಂಬ ದೂರು ಆ ವಾರದಲ್ಲಿ ನಿಂತುಹೋಯಿತು. ಅವರು ಅದಕ್ಕಿಂತ ಒಂದು ಹೆಜ್ಜೆ ಮುಂದೆ ಇರಲು ಕಲಿತಿದ್ದರು.

ಚಿತ್ರದ ಆರಂಭವೇ ವಿಶೇಷ. ಕಥೆ ಶುರುವಾಗುವ ಮೊದಲು ಫಾಲ್ಕೆಯವರು ತಮ್ಮ ಮಗಳು ಮಂದಾಕಿನಿಯನ್ನು ವೇಷವಿಲ್ಲದೆ ತೋರಿಸುತ್ತಾರೆ. ಅವಳು ಒಂದಾದಮೇಲೊಂದು ಮುಖಭಾವ ಮಾಡುತ್ತಾಳೆ: ಸಿಟ್ಟು, ನಗು, ಅಚ್ಚರಿ. ನೋಡುನೋಡುತ್ತಿದ್ದಂತೆ ಆ ಹುಡುಗಿಯೇ ಕೃಷ್ಣನಾಗುತ್ತಾಳೆ. ಇಲ್ಲಿ ಏನು ನುಡಿಸಬೇಕೆಂದು ನನಗೆ ಹೊಳೆದಿರಲಿಲ್ಲ. ಭಾಗವತರು ಮಾತ್ರ ಮೊದಲ ಸಲ ನೋಡಿದಾಗಲೇ, “ಇದು ಬಾಲಗೋಪಾಲ ವೇಷವಲ್ಲವೇ?” ಎಂದರು. ನಮ್ಮ ಪೂರ್ವರಂಗದಲ್ಲಿ ಕಲಿಯುವ ಹುಡುಗರು ಬಲರಾಮ, ಕೃಷ್ಣರಾಗಿ ಬಂದು ಕುಣಿಯುತ್ತಾರೆ. ದೊಡ್ಡ ಕಲಾವಿದರು ಎಷ್ಟೋ ಮಂದಿ ಮೊದಲು ಗೆಜ್ಜೆ ಕಟ್ಟಿದ್ದು ಆ ವೇಷಕ್ಕೇ. ಚೌಕಿಯಲ್ಲಿ ಬಣ್ಣ ಹಚ್ಚಿಸಿಕೊಂಡು ಎದೆ ಡವಗುಟ್ಟುತ್ತ ನಿಂತ ಹುಡುಗನಿಗೂ ಕ್ಯಾಮರಾದ ಮುಂದೆ ಅಪ್ಪನ ಮಾತಿಗೆ ಕಿವಿಗೊಟ್ಟು ಕೂತ ಆ ಹುಡುಗಿಗೂ ಏನು ವ್ಯತ್ಯಾಸ? ನಮ್ಮಲ್ಲಿ ಗಂಡಸರು ಸ್ತ್ರೀವೇಷ ಮಾಡಿದರು; ಅಲ್ಲಿ ಹುಡುಗಿ ಗಂಡುವೇಷ ಮಾಡಿದಳು. ಬಾಲಗೋಪಾಲರ ನಡೆಯನ್ನೇ, ಚೆಂಡೆಯಿಲ್ಲದೆ, ಮದ್ದಳೆಯ ಮೆಲುದನಿಯಲ್ಲಿ ಹಾಕಿದರು. ಅವಳು ವೇಷ ತೊಟ್ಟ ಕ್ಷಣಕ್ಕೆ ಬಿಡ್ತಿಗೆ ಎಂಬ ಮದ್ದಳೆಯ ಒಂದು ನುಡಿತ. ಅಭ್ಯಾಸದಲ್ಲಿ ಅದು ಮೊದಲ ಸಲ ಸರಿಯಾಗಿ ಬಿದ್ದಾಗ ಯಾರೂ ಮಾತಾಡಲಿಲ್ಲ.

ನಿಜವಾದ ಜಗಳ ನಡೆದದ್ದು ಕಾಳಿಂಗನ ಭಾಗಕ್ಕೆ. ಕೃಷ್ಣ ನೀರಿಗೆ ಹಾರುತ್ತಾನೆ. ಆಮೇಲೆ ಫಾಲ್ಕೆಯವರು ಎರಡು ಕಡೆಯನ್ನು ಹೆಣೆಯುತ್ತಾರೆ: ನೀರಿನೊಳಗೆ ಹಾವಿನೊಡನೆ ಹೋರಾಟ, ದಡದಲ್ಲಿ ಗೋಕುಲದವರ ಗೋಳು. ಮತ್ತೆ ಒಳಗೆ, ಮತ್ತೆ ದಡ. ಚೆಂಡೆಯ ಹುಡುಗ ಈ ಭಾಗಕ್ಕಾಗಿಯೇ ಕಾದಿದ್ದ. ಯುದ್ಧವೆಂದರೆ ಚೆಂಡೆ, ಅದರಲ್ಲಿ ಅನುಮಾನವೇನು? ನಾನೂ ಹಾಗೆಯೇ ಎಣಿಸಿದ್ದೆ: ನೀರಿನೊಳಗೆ ಏರಿನ ಪದ್ಯ, ದಡಕ್ಕೆ ಬಂದಾಗ ಶೋಕ, ದೃಶ್ಯ ಬದಲಾದಂತೆ ಸಂಗೀತವೂ ಬದಲಾಗಬೇಕು. ಎರಡು ದಿನ ಹಾಗೆ ಮಾಡಿದೆವು. ಸಂಗೀತ ಚೂರುಚೂರಾಯಿತು. ರಾಗ ಮುಖವೆತ್ತುವ ಮೊದಲೇ ಕತ್ತರಿ ಬೀಳುತ್ತಿತ್ತು.

ಮೂರನೆಯ ದಿನ ಭಾಗವತರು ಹೇಳಿದರು: “ನೀರಿನೊಳಗೆ ಏನಾಗುತ್ತಿದೆ ಎಂದು ಯಶೋದೆಗೆ ಗೊತ್ತಿಲ್ಲ. ಸಭೆಗೆ ಕಾಣುತ್ತದೆ, ಅವಳಿಗೆ ಕಾಣುವುದಿಲ್ಲ. ಪದ ದಡದಲ್ಲೇ ಇರಲಿ. ಚಿತ್ರ ಬೇಕಾದರೆ ಮುಳುಗಲಿ.”

ಅಂದರೆ ಇಡೀ ಹೋರಾಟದ ಉದ್ದಕ್ಕೂ ತಾಯಿಯ ಒಂದೇ ಪದ. ಕೃಷ್ಣ ಹಾವಿನ ಸುರುಳಿಯಲ್ಲಿ ಒದ್ದಾಡುವಾಗಲೂ ಕೇಳಿಸುವುದು ಅವಳ ದನಿ. ಚೆಂಡೆ ಪೂರ್ತಿ ಮೌನ. ಹುಡುಗನ ಮುಖ ಬಾಡಿತು. ನಾನು ಅವನ ಪರವಾಗಿ ವಾದಿಸಿದೆ, ಸಭೆ ಸಪ್ಪೆಯಾಗುತ್ತದೆ ಎಂದೆ. “ಒಮ್ಮೆ ಮಾಡಿ ನೋಡು ಮಾರಾಯ” ಎಂದರು. ಮಾಡಿದೆವು. ಇಪ್ಪತ್ತು ವರ್ಷಗಳಿಂದ ದೃಶ್ಯಕ್ಕೆ ಶಬ್ದ ಜೋಡಿಸುತ್ತಿದ್ದೇನೆ. ಕಂಡದ್ದನ್ನೇ ಕೇಳಿಸಬೇಕೆಂದಿಲ್ಲ ಎಂಬುದನ್ನು ಬಾಯಲ್ಲಿ ಎಷ್ಟೋ ಸಲ ಹೇಳಿಯೂ ಇದ್ದೇನೆ. ಅದು ಮೈಗೆ ತಾಗಿದ್ದು ಅಂದು. ತೆರೆಯ ಮೇಲೆ ಗುದ್ದಾಟ, ಕಿವಿಯಲ್ಲಿ ಕಾಯುವಿಕೆ. ಹೋರಾಟ ಇದ್ದಕ್ಕಿದ್ದಂತೆ ಅಪಾಯಕಾರಿಯಾಗಿ ಕಂಡಿತು. ಹಾವು ಬಟ್ಟೆಯದೆಂದು ಗೊತ್ತಿದ್ದೂ.

ಈ ಭಾಗಕ್ಕೆ ಶ್ರುತಿಯಾಗಿ ಪುಂಗಿ ಬಳಸಬೇಕೆಂದು ಮದ್ದಳೆಯವರ ಆಸೆ. ಹಾರ್ಮೋನಿಯಂ ಬರುವ ಮೊದಲು ನಮ್ಮ ಕಡೆಯ ಬಡಗುತಿಟ್ಟು ಯಕ್ಷಗಾನದಲ್ಲಿ ಶ್ರುತಿಗೆ ಪುಂಗಿ ಇತ್ತು. ಒಂದು ಹಳೆಯ ಮನೆಯ ಅಟ್ಟದಲ್ಲಿ ಸೋರೆಬುರುಡೆ ಸಿಕ್ಕಿತು, ಹೊಸ ನಾಲಗೆಯನ್ನೂ ಕೂರಿಸಿದರು. ಆದರೆ ಅದು ನಮ್ಮ ಮದ್ದಳೆಯ ಶ್ರುತಿಗೆ ಕೂರಲಿಲ್ಲ. ಜೊತೆಗೆ, ಹಾವು ಕಂಡಾಗ ಪುಂಗಿ ಕೇಳಿದರೆ ಮಾತಿನ ಚಿತ್ರಗಳ ಹಾವಾಡಿಗನ ಹಾಡೇ ಎಲ್ಲರ ನೆನಪಿಗೆ ಬರುತ್ತದೆ ಎಂಬ ಭಯ ನನಗಿತ್ತು. ಬಿಟ್ಟೆವು.

ಪ್ರದರ್ಶನ ಊರಿನ ಶಾಲೆಯ ಸಭಾಂಗಣದಲ್ಲಿ, ಶ್ರಾವಣದ ಒಂದು ಶನಿವಾರ ಸಂಜೆ. ಮಧ್ಯಾಹ್ನದಿಂದಲೇ ಮಳೆ. ತೇವಕ್ಕೆ ಚರ್ಮ ಸಡಿಲವಾಗಿ ಚೆಂಡೆ ಮಂಕಾಗಿತ್ತು. ಶಾಲೆಯ ಬಿಸಿಯೂಟದ ಕೋಣೆಯಲ್ಲಿ ಕೆಂಡ ಮಾಡಿ ಕಾಯಿಸಿದರು. ಬಾಡಿಗೆಗೆ ತಂದ ಪ್ರೊಜೆಕ್ಟರಿಗೆ ಜನರೇಟರಿನ ವಿದ್ಯುತ್ತು ಹೊಂದದೆ ಚಿತ್ರ ಎರಡು ಸಲ ಮಿಣುಕಿ ನಿಂತಿತು. ಮಂಚದ ಮೇಲಿನ ದೀಪ ತೆರೆಯನ್ನು ಬೆಳಗುತ್ತಿದ್ದುದರಿಂದ ಅದಕ್ಕೆ ಬಾಳೆಎಲೆಯ ಮರೆ ಕಟ್ಟಿದೆ. ಆರೂವರೆಗೆ ಚೆಂಡೆ, ಮದ್ದಳೆ ಸೇರಿ, ಆಟವಿದೆ ಎಂದು ಊರಿಗೆ ಸಾರುವ ‘ಕೇಳಿ’ಯನ್ನು ಬಾರಿಸಿದರು. ಮಳೆಯಲ್ಲೂ ಆ ಸದ್ದು ಹೊಳೆಯಾಚೆಗೆ ಹೋಗಿರಬೇಕು. ಕೊಡೆಗಳು ಒಂದೊಂದಾಗಿ ಬರತೊಡಗಿದವು. ಇನ್ನೂರರ ಹತ್ತಿರ ಜನ, ಮುಂದಿನ ಚಾಪೆಗಳ ಮೇಲೆ ಮಕ್ಕಳು.

ಮಂದಾಕಿನಿಯ ಮುಖ ಬಂದಾಗ ಮಕ್ಕಳು ನಕ್ಕರು, ಆಮೇಲೆ ಅವಳಂತೆಯೇ ಮುಖ ಮಾಡತೊಡಗಿದರು. ಮಲಗಿದ್ದ ಗಂಡನ ಗಡ್ಡಕ್ಕೂ ಹೆಂಡತಿಯ ಜಡೆಗೂ ಕೃಷ್ಣ ಗಂಟು ಹಾಕುವಾಗ ಮದ್ದಳೆಯವರು ಅಭ್ಯಾಸದಲ್ಲಿ ಎಂದೂ ನುಡಿಸದ ಒಂದು ಗುಮುಕಿ ಹಾಕಿದರು. ಇಡೀ ಸಭೆ ಬಿದ್ದು ಬಿದ್ದು ನಕ್ಕಿತು. ಭಾಗವತರು ಒಂದು ಕಡೆ ಎಡವಿದರು. ಬೆಣ್ಣೆಯ ಭಾಗದಲ್ಲಿ ಪದದ ಒಂದು ಸಾಲು ಹೆಚ್ಚಾಗಿ, ಮುಂದಿನ ದೃಶ್ಯಕ್ಕೆ ತಡವಾಗಿ ಬಂದರು. ತೆರೆಯ ಕಡೆ ಒಮ್ಮೆ ನೋಡಿ, ಎರಡು ಸಾಲು ಹಾರಿಸಿ, ಹಿಡಿದುಬಿಟ್ಟರು. ನನ್ನ ಬೆವರು ಆರಲು ಬಹಳ ಹೊತ್ತು ಬೇಕಾಯಿತು.

ಕೃಷ್ಣ ನೀರಿಗೆ ಹಾರಿದ. ಯಶೋದೆಯ ಪದ ಶುರುವಾಯಿತು. ಚೆಂಡೆಯ ಹುಡುಗ ಕೋಲುಗಳನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ಹೊರಗೆ ಮಳೆ, ಒಳಗೆ ಒಂದು ದನಿ. ಎರಡನೆಯ ಸಾಲಿನ ಅಜ್ಜಿಯೊಬ್ಬರು ಸೆರಗಿನಿಂದ ಬಾಯಿ ಮುಚ್ಚಿಕೊಂಡರು. ಚಾಪೆಯ ಮೇಲಿನ ಒಬ್ಬ ಪುಟ್ಟ ಹುಡುಗ ಎದ್ದು ನಿಂತು, ತಿರುಗಿ ಭಾಗವತರನ್ನು ನೋಡಿದ. ಮುಂದೇನಾಗುತ್ತದೆ ಎಂದು ಅವರಿಗೆ ಗೊತ್ತಿರಬೇಕು ಎಂಬ ನೋಟ. ಹೆಡೆಯ ಮೇಲೆ ಕೃಷ್ಣ ಕಾಣಿಸಿದ ಕ್ಷಣ ಚೆಂಡೆಯ ಹುಡುಗನ ಪೆಟ್ಟು ಬಿತ್ತು. ಅಷ್ಟು ಹೊತ್ತು ಕಟ್ಟಿಹಾಕಿದ ಕೈ. ಅವನ ಜೀವಮಾನದಲ್ಲೇ ಹಾಗೆ ನುಡಿಸಿರಲಾರ. ಮಕ್ಕಳು ಕೂಗಿದ್ದು ಆ ಸದ್ದಿನಲ್ಲಿ ಕೇಳಿಸಲೇ ಇಲ್ಲ, ಬಾಯಿ ತೆರೆದದ್ದಷ್ಟೇ ಕಂಡಿತು.

ಚಿತ್ರ ಮುಗಿದಾಗ ಪದ ಇನ್ನೂ ನಡೆಯುತ್ತಿತ್ತು. ನಾನು ಪ್ರೊಜೆಕ್ಟರನ್ನು ಆರಿಸಲಿಲ್ಲ. ಬರಿಯ ಬಿಳಿ ಬಟ್ಟೆಯ ಮುಂದೆ ಭಾಗವತರು ಆತುರಪಡದೆ ಮುಕ್ತಾಯ ಮಾಡಿ, ಮಂಗಳ ಹಾಡಿದರು. ಅಲ್ಲಿಯವರೆಗೆ ಯಾರೂ ಏಳಲಿಲ್ಲ.

ಜನ ಹೋದಮೇಲೆ ಬಿಸಿಯೂಟದ ಕೋಣೆಯಲ್ಲಿ ಕೆಂಡದ ಸುತ್ತ ಕೂತು ಚಹಾ ಕುಡಿದೆವು. ಚೆಂಡೆಯ ಹುಡುಗ ತನ್ನ ಬೆರಳುಗಳನ್ನು ನೋಡಿಕೊಳ್ಳುತ್ತಿದ್ದ. ಭಾಗವತರು ಬಹಳ ಹೊತ್ತು ಸುಮ್ಮನಿದ್ದು, “ಆ ಹುಡುಗಿ ಬೇರೆ ವೇಷ ಮಾಡಿದ್ದಾಳೆಯೇ?” ಎಂದು ಕೇಳಿದರು.

“ಇದರ ಹಿಂದಿನ ವರ್ಷ, 1918ರಲ್ಲಿ, ಕೃಷ್ಣಜನ್ಮದ ಚಿತ್ರದಲ್ಲೂ ಅವಳೇ ಕೃಷ್ಣ” ಎಂದೆ. “ಆದರೆ ಅದರಲ್ಲಿ ಒಂದು ಚೂರು ಮಾತ್ರ ಉಳಿದಿದೆ, ಭಾಗವತರೇ.”

“ಚೂರಾದರೂ ಆಗಲಿ, ತೆಗೆದುಕೊಂಡು ಬಾ” ಎಂದರು. “ಮೇಳ ಹೊರಡುವುದಕ್ಕೆ ಇನ್ನೂ ಮೂರು ತಿಂಗಳಿದೆ.”